ಹುಟ್ಟಿದ ದಿನವೋ, ಓದುವ ತರಗತಿಯೋ: ಅಮೆರಿಕದ ಮಕ್ಕಳ ಲ್ಯಾಕ್ರೊಸ್‌ನಲ್ಲಿ ವಯೋಗುಂಪಿನ ನಿಯಮ

ಅಮೆರಿಕದ ಮಕ್ಕಳ ಲ್ಯಾಕ್ರೊಸ್‌ನಲ್ಲಿ ಯಾವ ಮಗು ಯಾವ ಗುಂಪಿನಲ್ಲಿ ಆಡಬೇಕು ಎಂಬುದನ್ನು ಗೊತ್ತುಮಾಡುವ ದಿನ ಸೆಪ್ಟೆಂಬರ್ 1. ಈ ಆಟದ ರಾಷ್ಟ್ರೀಯ ಆಡಳಿತ ಸಂಸ್ಥೆ ಯುಎಸ್‌ಎ ಲ್ಯಾಕ್ರೊಸ್. 1998ರಲ್ಲಿ ಯುಎಸ್ ಲ್ಯಾಕ್ರೊಸ್ ಎಂಬ ಹೆಸರಿನಿಂದ ಹುಟ್ಟಿ, 2021ರಲ್ಲಿ ಈಗಿನ ಹೆಸರು ಪಡೆದ ಈ ಸಂಸ್ಥೆಯ ಕೇಂದ್ರ ಕಚೇರಿ ಮೇರಿಲ್ಯಾಂಡ್ ರಾಜ್ಯದ ಸ್ಪಾರ್ಕ್ಸ್ ಊರಿನಲ್ಲಿದೆ. ಅದು ಮಾಡಿಟ್ಟಿರುವ ವಿಂಗಡಣೆಯಲ್ಲಿ 8ಯು, 10ಯು, 12ಯು, 14ಯು ಎಂಬ ಹಂತಗಳಿವೆ (ಯು ಎಂದರೆ ‘ಅಂಡರ್’, ಆ ವಯಸ್ಸಿನೊಳಗಿನವರು). ಸೀಸನ್ ಆರಂಭಕ್ಕೆ ಮುಂಚಿನ ಆಗಸ್ಟ್ ಮುಗಿಯುವಾಗ ಮಗುವಿಗೆ ತುಂಬಿರುವ ವಯಸ್ಸೇ ಲೆಕ್ಕ. ಮಕ್ಕಳು ಸಾಕಷ್ಟಿದ್ದ ಕಡೆ ಒಂದೊಂದು ವರ್ಷಕ್ಕೆ ಒಂದೊಂದು ತಂಡ ಕಟ್ಟಬೇಕು, ಕಡಿಮೆ ಇದ್ದ ಕಡೆ ಎರಡು ವರ್ಷದವರನ್ನು ಸೇರಿಸಬಹುದು ಎಂಬುದು ಅದರ ಸಲಹೆ. ಓದಲು ಇದು ಸರಳವಾಗಿದೆ. ಆದರೆ ಬಾಲ್ಟಿಮೋರ್, ಲಾಂಗ್ ಐಲೆಂಡ್, ಫಿಲಡೆಲ್ಫಿಯಾ ಮುಂತಾದ ಕಡೆಗಳಲ್ಲಿ ವಾರಾಂತ್ಯಕ್ಕೆ ನಡೆಯುವ ದೊಡ್ಡ ಕ್ಲಬ್ ಟೂರ್ನಿಗಳಲ್ಲಿ ತಂಡಗಳನ್ನು ಹೆಚ್ಚಾಗಿ ಕಟ್ಟುವುದು ಬೇರೆಯೇ ಅಳತೆಯ ಮೇಲೆ: ಹುಡುಗ ಹೈಸ್ಕೂಲು ಮುಗಿಸುವ ವರ್ಷ. ಒಂದೇ ಆಟ, ಅದೇ ಮಕ್ಕಳು, ಎರಡು ಅಳತೆಗೋಲು. ವಯೋಗುಂಪಿನ ನ್ಯಾಯದ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ವಯಸ್ಸಿನ ಅಂತರ ಎಲ್ಲ ಆಟಗಳಲ್ಲೂ ಒಂದೇ ಪೆಟ್ಟು ಕೊಡುವುದಿಲ್ಲ. ಚದುರಂಗದಲ್ಲಿ ಎರಡು ವರ್ಷ ದೊಡ್ಡವನು ಎದುರು ಕುಳಿತರೆ ಸೋಲಬಹುದು, ಅಷ್ಟೇ. ಲ್ಯಾಕ್ರೊಸ್ ಹಾಗಲ್ಲ. ಉತ್ತರ ಅಮೆರಿಕದ ಹೌಡೆನೊಸೌನಿ ಮುಂತಾದ ಮೂಲನಿವಾಸಿ ಸಮುದಾಯಗಳು ಶತಮಾನಗಳಿಂದ ಆಡಿಕೊಂಡು ಬಂದ ಈ ಆಟಕ್ಕೆ 1867ರಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ಲಿಖಿತ ನಿಯಮಗಳನ್ನು ರೂಪಿಸಿದ. ತುದಿಯಲ್ಲಿ ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಹಿಡಿದು, ಓಡಿ, ಎಸೆದು ಗೋಲು ಹೊಡೆಯಬೇಕು. ಚೆಂಡು ಗಟ್ಟಿ ರಬ್ಬರಿನದು, ತೂಕ ಸುಮಾರು 145 ಗ್ರಾಂ. ಅಂದರೆ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಕಡಿಮೆ, ಆದರೆ ಕೋಲಿನ ಬೀಸಿನಿಂದ ಬರುವ ವೇಗ ಬಹಳ. ಹುಡುಗರ ಆಟದಲ್ಲಿ ಎದುರಾಳಿಯ ಕೋಲಿಗೆ ಕೋಲು ಬಡಿಯುವುದು ನಿಯಮದೊಳಗೇ ಇದೆ, ದೊಡ್ಡ ಹಂತಗಳಲ್ಲಿ ಮೈಯಿಂದ ಡಿಕ್ಕಿ ಹೊಡೆಯುವುದಕ್ಕೂ ಅವಕಾಶವಿದೆ. ಹುಡುಗಿಯರ ಆಟದಲ್ಲಿ ಮೈಡಿಕ್ಕಿ ನಿಷಿದ್ಧ, ಕೋಲಿನ ಬಡಿತಕ್ಕೂ ಬಿಗಿಯಾದ ಮಿತಿಗಳಿವೆ. ಹಾಗಾಗಿ ವಯೋಗುಂಪಿನ ತಕರಾರು ಹುಡುಗರ ಕಡೆಯಲ್ಲೇ ಹೆಚ್ಚು ಕಾವೇರುತ್ತದೆ.

ಯುಎಸ್‌ಎ ಲ್ಯಾಕ್ರೊಸ್‌ನ ಹುಡುಗರ ನಿಯಮಪುಸ್ತಕವನ್ನು ವಯೋಗುಂಪಿನ ನೀತಿಯ ಜೊತೆಗಿಟ್ಟು ಓದಿದರೆ ಆ ನೀತಿಯ ತರ್ಕ ಕಾಣುತ್ತದೆ. 12ಯು ಮತ್ತು ಅದಕ್ಕಿಂತ ಕೆಳಗಿನ ಹಂತಗಳಲ್ಲಿ ಮೈಡಿಕ್ಕಿ ಇಲ್ಲ. 14ಯು ಹಂತದಲ್ಲಿ ಮಿತವಾಗಿ ಇದೆ, ಎದುರಾಳಿಯನ್ನು ಕೆಡವುವಂಥ ಹೊಡೆತ ಮಾತ್ರ ಅಲ್ಲೂ ನಿಷಿದ್ಧ. ಅಂದರೆ ಡಿಕ್ಕಿಯ ಪ್ರಮಾಣವನ್ನು ವಯಸ್ಸಿಗೆ ಕಟ್ಟಿಹಾಕಲಾಗಿದೆ. ವಯಸ್ಸಿನ ಲೆಕ್ಕ ತಪ್ಪಿದರೆ ಸುರಕ್ಷತೆಯ ಲೆಕ್ಕವೂ ಜೊತೆಗೇ ತಪ್ಪುತ್ತದೆ. ಹನ್ನೆರಡರ ದೇಹಕ್ಕೆ ಬೇಡವೆಂದು ತಡೆದ ಹೊಡೆತ, ತರಗತಿಯ ಲೆಕ್ಕದ ತಂಡದಲ್ಲಿ ಅದೇ ದೇಹಕ್ಕೆ ಬೀಳಬಹುದು. ಡಿಕ್ಕಿಯ ಜೊತೆಗೆ ಚೆಂಡಿನ ಅಪಾಯವೂ ಇದೆ. ಎದೆಗೆ ಚೆಂಡು ಬಡಿದು, ಹೃದಯದ ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಆ ಪೆಟ್ಟು ತಗುಲಿದರೆ ಹೃದಯ ನಿಂತುಹೋಗುವ ಅಪಾಯವನ್ನು ವೈದ್ಯರು ಗುರುತಿಸಿದ್ದಾರೆ. ಎದೆಗೂಡು ಇನ್ನೂ ಗಟ್ಟಿಯಾಗದ ಮಕ್ಕಳಲ್ಲಿ ಈ ಅಪಾಯ ಹೆಚ್ಚು. ಈ ಕಾರಣಕ್ಕೇ 2021ರಿಂದ ಗೋಲ್‌ಕೀಪರ್‌ಗಳಿಗೆ, 2022ರಿಂದ ಮೈದಾನದ ಉಳಿದ ಹುಡುಗರಿಗೆ ನಿಗದಿತ ಗುಣಮಟ್ಟದ ಎದೆರಕ್ಷಕ ಕಡ್ಡಾಯವಾಯಿತು. ರಕ್ಷಾಕವಚದ ವಿಷಯದಲ್ಲಿ ಇಷ್ಟು ಬಿಗಿಯಾದ ಆಟ, ಎದುರು ನಿಲ್ಲುವ ಹುಡುಗನ ವಯಸ್ಸಿನ ವಿಷಯದಲ್ಲಿ ಸಡಿಲವಾಗಿರುವುದು ಒಪ್ಪತಕ್ಕ ಮಾತಲ್ಲ.

ಈ ವಯಸ್ಸಿನ ಅಂತರ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಬೆಳವಣಿಗೆಯ ವಿಜ್ಞಾನದಲ್ಲಿ ಉತ್ತರವಿದೆ. ಹುಡುಗಿಯರಲ್ಲಿ ಸುಮಾರು 12ರ ಹೊತ್ತಿಗೆ, ಹುಡುಗರಲ್ಲಿ ಸುಮಾರು 14ರ ಹೊತ್ತಿಗೆ ಎತ್ತರ ಅತಿ ವೇಗವಾಗಿ ಏರುತ್ತದೆ. ಆ ಒಂದು ವರ್ಷದಲ್ಲಿ ಹುಡುಗನೊಬ್ಬ ಒಂಬತ್ತು–ಹತ್ತು ಸೆಂಟಿಮೀಟರ್ ಬೆಳೆಯುವುದು ಸಾಮಾನ್ಯ. ಸ್ನಾಯು ತುಂಬಿಕೊಳ್ಳುವುದು ಅದರ ಬೆನ್ನಿಗೇ. ಎಂಟರ ಮಗುವಿಗೂ ಒಂಬತ್ತರ ಮಗುವಿಗೂ ಇರುವ ಅಂತರಕ್ಕಿಂತ ಹದಿಮೂರಕ್ಕೂ ಹದಿನಾಲ್ಕಕ್ಕೂ ಇರುವ ಅಂತರ ಬಹಳ ದೊಡ್ಡದಾಗಬಹುದು. ಲ್ಯಾಕ್ರೊಸ್‌ನಲ್ಲಿ ಮೈಡಿಕ್ಕಿ ಶುರುವಾಗುವುದೂ, ಒಳ್ಳೆಯ ಕ್ಲಬ್‌ಗಳು ಹುಡುಗರನ್ನು ಆರಿಸಿಕೊಳ್ಳುವುದೂ, ಊರು ಬಿಟ್ಟು ಊರಿಗೆ ಟೂರ್ನಿಗೆ ಹೋಗುವುದೂ ಸರಿಯಾಗಿ ಇದೇ ವಯಸ್ಸಿನಲ್ಲಿ.

ಯಾವುದೇ ದಿನಾಂಕವನ್ನು ಗಡಿಯಾಗಿ ಎಳೆದರೂ ಗಡಿಯ ಒಂದು ಬದಿಗೆ ಅತಿ ದೊಡ್ಡವನು, ಇನ್ನೊಂದು ಬದಿಗೆ ಅತಿ ಚಿಕ್ಕವನು ಇದ್ದೇ ಇರುತ್ತಾರೆ. ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್ಸ್‌ಲಿ ಮತ್ತು ಸಹೋದ್ಯೋಗಿಗಳು 1985ರಲ್ಲಿ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಪರಿಶೀಲಿಸಿ ಇದನ್ನು ತೋರಿಸಿದರು. ಆ ದೇಶದ ಹಾಕಿಯಲ್ಲಿ ಗಡಿ ಜನವರಿ 1. ಮೇಲಿನ ಹಂತಕ್ಕೆ ಬಂದ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಎದ್ದು ಕಾಣುವಷ್ಟು ಹೆಚ್ಚು, ಕೊನೆಯ ತಿಂಗಳುಗಳವರು ಕಡಿಮೆ. ಒಂಬತ್ತು ವರ್ಷದ ಮಕ್ಕಳಲ್ಲಿ ಹತ್ತು ತಿಂಗಳು ದೊಡ್ಡವನು ಹೆಚ್ಚು ಬಲಶಾಲಿಯಾಗಿ ಕಾಣುತ್ತಾನೆ. ಕೋಚ್ ಅವನನ್ನೇ ಆರಿಸುತ್ತಾನೆ, ಅವನಿಗೆ ಹೆಚ್ಚು ಹೊತ್ತು ಆಡಲು ಸಿಗುತ್ತದೆ, ಒಳ್ಳೆಯ ತರಬೇತಿ ಸಿಗುತ್ತದೆ. ಮೊದಲು ಬರೀ ವಯಸ್ಸಾಗಿದ್ದದ್ದು ಕೆಲವೇ ವರ್ಷಗಳಲ್ಲಿ ನಿಜವಾದ ಕೌಶಲವಾಗಿ ಮಾರ್ಪಡುತ್ತದೆ. ಅತ್ತ ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ತನಗೆ ಆಟ ಬರುವುದಿಲ್ಲ ಎಂದು ನಂಬಿ ಹೊರಗೆ ಹೋಗುತ್ತದೆ. ಹನ್ನೆರಡು ತಿಂಗಳ ಅಂತರವೇ ಇಷ್ಟು ಕೆಲಸ ಮಾಡುವುದಾದರೆ, ಆ ಅಂತರವನ್ನು ಇಪ್ಪತ್ತು ತಿಂಗಳಿಗೆ, ಇಪ್ಪತ್ತೈದಕ್ಕೆ ಹಿಗ್ಗಿಸುವ ಪದ್ಧತಿಯನ್ನು ಯಾವ ಹೆಸರಿನಲ್ಲಿ ಸಮರ್ಥಿಸಿದರೂ ಅದು ಮಕ್ಕಳ ಪರವಾಗಿರಲಾರದು.

ದಿನಾಂಕದ ನಿಯಮದ ಮುಖ್ಯ ಗುಣ ಎಂದರೆ ಅದು ಅಂತರಕ್ಕೆ ಒಂದು ಮೇಲ್ಮಿತಿ ಹಾಕುತ್ತದೆ. ಎರಡನೆಯ ಗುಣ, ಅದನ್ನು ಒಂದು ಜನನ ಪ್ರಮಾಣಪತ್ರದಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಕೋಚ್‌ನ ಅಭಿಪ್ರಾಯಕ್ಕೆ, ಪೋಷಕರ ವಾದಕ್ಕೆ ಅಲ್ಲಿ ಜಾಗವಿಲ್ಲ. ಸೆಪ್ಟೆಂಬರ್ 1 ಎಂಬ ಆಯ್ಕೆಯೂ ಯೋಚಿಸಿ ಮಾಡಿದ್ದು. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಶಾಲೆಗೆ ಸೇರಿಸುವ ಗಡಿ ದಿನಾಂಕ ಅದೇ, ಇಲ್ಲವೇ ಅದರ ಆಸುಪಾಸು. ಹೀಗಾಗಿ ಹೆಚ್ಚಿನ ಮಕ್ಕಳು ತಮ್ಮ ಸಹಪಾಠಿಗಳ ಜೊತೆಗೇ ಆಡುತ್ತಾರೆ. ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ದೇಶದ ಫುಟ್‌ಬಾಲ್ (ಅಲ್ಲಿನವರ ‘ಸಾಕರ್’) ಸಾಕ್ಷಿ. 2017ರಲ್ಲಿ ಅಲ್ಲಿನ ಮಕ್ಕಳ ಫುಟ್‌ಬಾಲ್ ಪೂರ್ತಿಯಾಗಿ ಜನವರಿ 1ರ ಗಡಿಗೆ ಬದಲಾಯಿತು. ಒಂದೇ ತರಗತಿಯ ಗೆಳೆಯರು ಎರಡು ತಂಡಗಳಿಗೆ ಹಂಚಿಹೋದರು. ಕೊನೆಗೆ ಅಲ್ಲಿನ ಪ್ರಮುಖ ಸಂಸ್ಥೆಗಳು 2026–27ರಿಂದ ಶಾಲಾ ವರ್ಷಕ್ಕೆ ಹತ್ತಿರವಾದ ಆಗಸ್ಟ್ 1ರ ಗಡಿಗೆ ಮರಳುವುದಾಗಿ 2025ರಲ್ಲಿ ಪ್ರಕಟಿಸಿದವು. ಲ್ಯಾಕ್ರೊಸ್ ಈ ಸುತ್ತು ಸುತ್ತಲಿಲ್ಲ ಎಂಬುದು ಅದರ ನೀತಿಯ ಹೆಚ್ಚುಗಾರಿಕೆ.

ಇಷ್ಟಿದ್ದೂ ಕ್ಲಬ್ ಲ್ಯಾಕ್ರೊಸ್ ಹುಟ್ಟಿದ ದಿನವನ್ನು ಬಿಟ್ಟು ತರಗತಿಯನ್ನು ಹಿಡಿದುಕೊಂಡಿದೆ. ಅಲ್ಲಿ ತಂಡದ ಹೆಸರಿನ ಪಕ್ಕ 2028, 2029 ಎಂಬ ಅಂಕಿ ಇರುತ್ತದೆ. ಆ ಹುಡುಗರು ಆ ವರ್ಷ ಹೈಸ್ಕೂಲು ಮುಗಿಸುತ್ತಾರೆ ಎಂದು ಅರ್ಥ. ಕಾರಣ ಕಾಲೇಜು. ಕಾಲೇಜು ಕೋಚ್‌ಗಳು ಬೇಸಿಗೆಯ ಟೂರ್ನಿಗಳಿಗೆ ಬಂದು ಆಟಗಾರರನ್ನು ನೋಡುವುದು, ಯಾವ ವರ್ಷ ತಮ್ಮಲ್ಲಿ ಎಷ್ಟು ಜಾಗ ಖಾಲಿಯಾಗುತ್ತದೆ ಎಂಬ ಲೆಕ್ಕದಲ್ಲಿ. ಅವರಿಗೆ ಹುಟ್ಟಿದ ದಿನ ಬೇಕಿಲ್ಲ, ಕಾಲೇಜಿಗೆ ಬರುವ ವರ್ಷ ಬೇಕು. ಅವರ ಅನುಕೂಲಕ್ಕೆ ಹೈಸ್ಕೂಲಿನ ಹುಡುಗರನ್ನು ಹೀಗೆ ವಿಂಗಡಿಸಿದ್ದು ಅರ್ಥವಾಗುವ ಮಾತು. ಆದರೆ ಆ ಪದ್ಧತಿ ನಿಧಾನವಾಗಿ ಕೆಳಗಿಳಿದು, ಕಾಲೇಜಿನ ಕನಸೂ ಕಾಣದ ಹತ್ತು–ಹನ್ನೊಂದರ ಮಕ್ಕಳವರೆಗೆ ಬಂತು. ಎಂಟು, ಒಂಬತ್ತನೇ ತರಗತಿಯ ಹುಡುಗರಿಂದ ಕಾಲೇಜುಗಳು ಬಾಯಿಮಾತಿನ ಒಪ್ಪಿಗೆ ಪಡೆಯುವಷ್ಟು ಈ ಧಾವಂತ ಬೆಳೆದಾಗ, ಕೋಚ್‌ಗಳ ಸಂಘಗಳೇ ಮುಂದೆ ಬಂದು ತಡೆ ಕೇಳಿದವು. 2017ರ ಏಪ್ರಿಲ್‌ನಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಡಿವಿಷನ್ 1 ಹಂತಕ್ಕೆ ನಿಯಮ ಮಾಡಿತು: ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮುಂಚೆ ಲ್ಯಾಕ್ರೊಸ್ ಕೋಚ್‌ಗಳು ಹುಡುಗರ ಜೊತೆ ಆಯ್ಕೆಯ ಮಾತುಕತೆ ನಡೆಸಬಾರದು. ಇದು ಒಳ್ಳೆಯ ಸುಧಾರಣೆ. ಮಾತುಕತೆಗೆ ತಡೆ ಬಿದ್ದರೂ ತಂಡಗಳ ವಿಂಗಡಣೆ ಮಾತ್ರ ಹಳೆಯ ದಾರಿಯಲ್ಲೇ ಉಳಿಯಿತು.

ತರಗತಿಯ ಲೆಕ್ಕದ ದೊಡ್ಡ ದೋಷ ಏನೆಂದರೆ, ಹುಟ್ಟಿದ ದಿನವನ್ನು ಬದಲಿಸಲಾಗದು, ತರಗತಿಯನ್ನು ಬದಲಿಸಬಹುದು. ಮಗುವನ್ನು ಒಂದು ವರ್ಷ ತಡವಾಗಿ ಶಾಲೆಗೆ ಸೇರಿಸಬಹುದು. ಮೇರಿಲ್ಯಾಂಡ್‌ನ ಕೆಲವು ಖಾಸಗಿ ಶಾಲೆಗಳಲ್ಲಿರುವಂತೆ ಒಂದನೇ ತರಗತಿಗೆ ಮುಂಚೆ ಇನ್ನೊಂದು ವರ್ಷ ಕೂರಿಸಬಹುದು. ಎಂಟನೇ ತರಗತಿಯನ್ನೋ ಒಂಬತ್ತನ್ನೋ ಬೇರೆ ಶಾಲೆಯಲ್ಲಿ ಮತ್ತೊಮ್ಮೆ ಓದಿಸಬಹುದು. ಆಟದ ಬಳಗದಲ್ಲಿ ಇದಕ್ಕೆ ‘ರೀಕ್ಲಾಸ್’ ಎನ್ನುತ್ತಾರೆ. ಇದರಲ್ಲಿ ಸುಳ್ಳಿಲ್ಲ, ಕಾನೂನು ಮುರಿದಿಲ್ಲ. ಓದಿನ ಕಾರಣಕ್ಕೆ, ಕಾಯಿಲೆಯ ಕಾರಣಕ್ಕೆ ಹೀಗೆ ಮಾಡುವ ಮನೆಗಳೂ ಇವೆ, ಅವರ ತೀರ್ಮಾನವನ್ನು ಪ್ರಶ್ನಿಸುವ ಹಕ್ಕು ಹೊರಗಿನವರಿಗಿಲ್ಲ. ಆದರೆ ಮೈದಾನದಲ್ಲಿ ಅದರ ಪರಿಣಾಮ ಬೇರೆ.

ಲೆಕ್ಕ ಹಾಕಿ ನೋಡಬಹುದು. 2028ರಲ್ಲಿ ಹೈಸ್ಕೂಲು ಮುಗಿಸುವ ಹುಡುಗ, ಸೆಪ್ಟೆಂಬರ್ 1ರ ಗಡಿಯಿರುವ ರಾಜ್ಯದಲ್ಲಿ ಸರಿಯಾದ ಸಮಯಕ್ಕೆ ಶಾಲೆಗೆ ಸೇರಿದ್ದರೆ, 2009ರ ಸೆಪ್ಟೆಂಬರ್‌ನಿಂದ 2010ರ ಆಗಸ್ಟ್‌ವರೆಗೆ ಹುಟ್ಟಿದವನು. ನ್ಯೂಯಾರ್ಕ್ ರಾಜ್ಯದಲ್ಲಿ ಶಾಲೆಯ ಗಡಿ ಡಿಸೆಂಬರ್ 1. ಹಾಗಾಗಿ ಅಲ್ಲಿ 2010ರ ನವೆಂಬರ್‌ನಲ್ಲಿ ಹುಟ್ಟಿದವನೂ ಅದೇ ತರಗತಿಯಲ್ಲಿರುತ್ತಾನೆ. ಇನ್ನೊಂದು ಕಡೆ, 2008ರ ಸೆಪ್ಟೆಂಬರ್‌ನಲ್ಲಿ ಹುಟ್ಟಿ ಒಂದು ವರ್ಷ ಹಿಂದೆ ನಿಂತವನೂ 2028ರ ತಂಡಕ್ಕೇ ಬರುತ್ತಾನೆ. ಇಬ್ಬರ ನಡುವೆ ಇಪ್ಪತ್ತಾರು ತಿಂಗಳು. ಏಳನೇ ತರಗತಿಯ ಟೂರ್ನಿಯಲ್ಲಿ ಇವರಿಬ್ಬರೂ ಎದುರಾದರೆ ಒಬ್ಬನಿಗೆ ಹದಿನಾಲ್ಕು ತುಂಬಿ ಹೋಗಿದೆ, ಇನ್ನೊಬ್ಬನಿಗೆ ಹನ್ನೆರಡು. ಟೂರ್ನಿಯ ಪುಸ್ತಕದಲ್ಲಿ ಇಬ್ಬರೂ ಸಮಾನರು. ಕನೆಕ್ಟಿಕಟ್ ರಾಜ್ಯ ತನ್ನ ಶಾಲಾ ಗಡಿಯನ್ನು 2024ರಲ್ಲಿ ಜನವರಿ 1ರಿಂದ ಸೆಪ್ಟೆಂಬರ್ 1ಕ್ಕೆ ತಂದಿತು. ಹೀಗೆ ರಾಜ್ಯದಿಂದ ರಾಜ್ಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುವ ಶಾಲೆಯ ಗಡಿಯನ್ನು ರಾಷ್ಟ್ರಮಟ್ಟದ ಆಟಕ್ಕೆ ಅಳತೆಯಾಗಿ ಇಟ್ಟುಕೊಳ್ಳುವುದೇ ದುರ್ಬಲ ಅಡಿಪಾಯ.

ಕರ್ನಾಟಕದ ಓದುಗರಿಗೆ ಇಲ್ಲೊಂದು ವ್ಯತ್ಯಾಸ ಕಾಣದಿರದು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮ ಬಂದಾಗ ಇಲ್ಲಿನ ಪೋಷಕರು ಕೇಳಿದ್ದು ಮಗುವನ್ನು ಬೇಗ ಸೇರಿಸಲು ಅವಕಾಶ, ಒಂದು ವರ್ಷ ವ್ಯರ್ಥವಾಗಬಾರದು ಎಂಬ ಆತಂಕದಿಂದ. 2025–26ಕ್ಕೆ ಸರ್ಕಾರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಲ್ಯಾಕ್ರೊಸ್ ಆಡುವ ಅಮೆರಿಕದ ಅನುಕೂಲಸ್ಥ ಮನೆಗಳಲ್ಲಿ ಆತಂಕ ತಿರುಗುಮುರುಗು: ಒಂದು ವರ್ಷ ತಡವಾದರೆ ಮಗುವಿಗೆ ಲಾಭ ಎಂಬ ಎಣಿಕೆ. ಆ ಹೆಚ್ಚುವರಿ ವರ್ಷದ ಖಾಸಗಿ ಶಾಲಾ ಶುಲ್ಕ ಕಟ್ಟಬಲ್ಲವರಿಗೆ ಮಾತ್ರ ಈ ಲಾಭ ಸಿಗುತ್ತದೆ. ತರಗತಿಯ ಲೆಕ್ಕ ವಯಸ್ಸಿನ ಅನ್ಯಾಯದ ಜೊತೆಗೆ ಹಣದ ಅನ್ಯಾಯವನ್ನೂ ಬೆರೆಸುತ್ತದೆ. ಈ ಪದ್ಧತಿಯ ಮೇಲಿನ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು ಇದೇ, ಚರ್ಚೆಯಲ್ಲಿ ಕಡಿಮೆ ಕೇಳಿಬರುವುದೂ ಇದೇ.

ತರಗತಿಯ ಪರವಾಗಿ ಹೇಳುವ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಮಕ್ಕಳು ಗೆಳೆಯರ ಜೊತೆ ಆಡಿದರೆ ಆಟದಲ್ಲಿ ಉಳಿಯುತ್ತಾರೆ. ಎಂಟನೇ ತರಗತಿಯಲ್ಲಿ ಕೆಲವರು ವಯಸ್ಸಿನ ಲೆಕ್ಕದಲ್ಲಿ 14ಯು ದಾಟಿದವರಾಗಿದ್ದು, ಹೈಸ್ಕೂಲು ತಂಡಕ್ಕೆ ಇನ್ನೂ ಅರ್ಹರಲ್ಲದೆ, ಒಂದು ಸೀಸನ್ ಎಲ್ಲೂ ಜಾಗವಿಲ್ಲದೆ ನಿಲ್ಲುವುದುಂಟು. ಅಂಥವರಿಗೆ ದಾರಿ ಬೇಕು. ಆದರೆ ಈ ವಾದಗಳು ಸಮರ್ಥಿಸುವುದು ಕೆಲವು ಮಕ್ಕಳಿಗೆ ವಿನಾಯಿತಿಯನ್ನು, ಇಡೀ ವ್ಯವಸ್ಥೆಯನ್ನು ತರಗತಿಯ ಮೇಲೆ ಕಟ್ಟುವುದನ್ನಲ್ಲ. ಎರಡಕ್ಕೂ ಹೊಂದುವ ದಾರಿ ಇದೆ. ತಂಡವನ್ನು ತರಗತಿಯ ಪ್ರಕಾರವೇ ಕಟ್ಟಲಿ, ಆದರೆ ಪ್ರತಿ ತರಗತಿಗೂ ಹುಟ್ಟಿದ ದಿನದ ಒಂದು ಗಡಿ ಇರಲಿ, ಅದಕ್ಕೆ ಮುಂಚೆ ಹುಟ್ಟಿದವರು ಮೇಲಿನ ತಂಡದಲ್ಲಿ ಆಡಲಿ. ಸಾಮಾನ್ಯ ಹನ್ನೆರಡು ತಿಂಗಳಿಗೆ ಇನ್ನೊಂದಿಷ್ಟು ತಿಂಗಳು ಸೇರಿಸಿ ಈ ಗಡಿ ಇಟ್ಟರೆ ಬೇಸಿಗೆಯಲ್ಲಿ ಹುಟ್ಟಿ ತಡವಾಗಿ ಶಾಲೆಗೆ ಸೇರಿದ ಮಗುವಿಗೆ ತೊಂದರೆಯಾಗುವುದಿಲ್ಲ, ಆಟಕ್ಕಾಗಿಯೇ ಪೂರ್ತಿ ವರ್ಷ ಹಿಂದೆ ನಿಂತವನಿಗೆ ಲಾಭವೂ ಆಗುವುದಿಲ್ಲ. ಹೈಸ್ಕೂಲು ಕ್ರೀಡೆಗಳಲ್ಲಿ ಇಂಥ ಗಡಿ ಬಹಳ ಹಿಂದಿನಿಂದ ಇದೆ. ನಿಗದಿತ ದಿನಾಂಕದ ಹೊತ್ತಿಗೆ 19 ತುಂಬಿದವರನ್ನು ಹೆಚ್ಚಿನ ರಾಜ್ಯಗಳು ಶಾಲಾ ತಂಡದಿಂದ ಹೊರಗಿಡುತ್ತವೆ. ಹದಿನೆಂಟರ ಯುವಕರಿಗೆ ಇರುವ ಈ ರಕ್ಷಣೆ ಹನ್ನೆರಡರ ಮಕ್ಕಳಿಗೆ ಎಲ್ಲ ಟೂರ್ನಿಗಳಲ್ಲೂ ಇಲ್ಲದಿರುವುದಕ್ಕೆ ಸಮರ್ಥನೆ ಸಿಗುವುದಿಲ್ಲ.

ಇನ್ನು ಜಾರಿಯ ಮಾತು. ನಿಯಮ ಬರೆದವರಿಗೂ ಟೂರ್ನಿ ನಡೆಸುವವರಿಗೂ ಸಂಬಂಧ ತೆಳು. ಊರಿನ ಮನರಂಜನಾ ಲೀಗ್‌ಗಳು ಬಹುತೇಕ ಯುಎಸ್‌ಎ ಲ್ಯಾಕ್ರೊಸ್‌ನ ನಿಯಮಪುಸ್ತಕವನ್ನು ಅನುಸರಿಸುತ್ತವೆ. ಬೇಸಿಗೆಯ ಟೂರ್ನಿಗಳು ಖಾಸಗಿ ವ್ಯವಹಾರ. ತಂಡವೊಂದು ಸಾವಿರಾರು ಡಾಲರ್ ಪ್ರವೇಶ ಶುಲ್ಕ ಕಟ್ಟಿ ಬರುತ್ತದೆ. ಅಂಥ ತಂಡದ ಇಬ್ಬರು ಹುಡುಗರನ್ನು ಹೊರಗೆ ನಿಲ್ಲಿಸಿದರೆ ಮುಂದಿನ ವರ್ಷ ಆ ಕ್ಲಬ್ ಪಕ್ಕದ ಟೂರ್ನಿಗೆ ಹೋಗುತ್ತದೆ. ಹೀಗೆ ತಪಾಸಣೆ ಮಾಡಬೇಕಾದವನಿಗೇ ತಪಾಸಣೆಯಿಂದ ನಷ್ಟ. ಆಟಗಾರರ ಪಟ್ಟಿಯನ್ನು ಕೊಡುವುದು ಕ್ಲಬ್, ಅದು ಸರಿಯೆಂದು ಸಹಿ ಹಾಕುವುದೂ ಅದೇ ಕ್ಲಬ್. ದೂರು ಕೊಡಬೇಕಾದದ್ದು ಎದುರಾಳಿ ಕೋಚ್. ಅವನ ತಂಡದಲ್ಲೂ ಒಬ್ಬ ದೊಡ್ಡ ಹುಡುಗನಿದ್ದರೆ ದೂರು ಬಾಯಲ್ಲೇ ಉಳಿಯುತ್ತದೆ. ಊರಿನ ಲೀಗ್‌ಗಳ ಕಷ್ಟ ಬೇರೆ ಬಗೆಯದು: ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುವವರು ಸಂಜೆ ಕೆಲಸ ಮುಗಿಸಿ ಬರುವ ಸ್ವಯಂಸೇವಕ ಪೋಷಕರು. ನೂರಾರು ಪ್ರಮಾಣಪತ್ರ ನೋಡಲು ಅವರಿಗೆ ಬಿಡುವಿಲ್ಲ, ನೆರೆಮನೆಯ ಮಗುವನ್ನು ತಂಡದಿಂದ ತೆಗೆಯಲು ಮನಸ್ಸಿಲ್ಲ.

ಕಾಗದ ಇದ್ದರೆ ಸಾಲದು, ಕಾಗದವನ್ನು ಸರಿಯಾದ ಕೈ ಪರೀಕ್ಷಿಸಬೇಕು ಎಂಬುದಕ್ಕೆ ಅಮೆರಿಕದ ಮಕ್ಕಳ ಬೇಸ್‌ಬಾಲ್‌ನಲ್ಲಿ ದೊಡ್ಡ ಪಾಠವಿದೆ. 2001ರ ಲಿಟಲ್ ಲೀಗ್ ವಿಶ್ವ ಸರಣಿಯಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ತಂಡದ ಪಿಚರ್ (ಚೆಂಡೆಸೆಯುವವ) ಒಬ್ಬ ಅಪ್ರತಿಮವಾಗಿ ಆಡಿದ. ಗರಿಷ್ಠ ವಯಸ್ಸು 12. ಪತ್ರಕರ್ತರು ಅವನು ಹುಟ್ಟಿದ ಡೊಮಿನಿಕನ್ ಗಣರಾಜ್ಯದ ದಾಖಲೆ ಹುಡುಕಿ ತೆಗೆದಾಗ ಅವನಿಗೆ 14 ಎಂದು ಗೊತ್ತಾಯಿತು. ತಂಡದ ಗೆಲುವುಗಳು ರದ್ದಾದವು. ಅವನ ತಂದೆಯನ್ನೂ ತಂಡದ ಸ್ಥಾಪಕನನ್ನೂ ಲೀಗ್ ಬಹಿಷ್ಕರಿಸಿತು. 1992ರಲ್ಲಿ ಫಿಲಿಪ್ಪೀನ್ಸ್‌ನ ಜಂಬೋಅಂಗಾ ತಂಡ ಗೆದ್ದ ಪ್ರಶಸ್ತಿಯನ್ನು ಅನರ್ಹ ಆಟಗಾರರ ಕಾರಣಕ್ಕೆ ಹಿಂದೆ ಪಡೆದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ಗೆ ಕೊಡಲಾಗಿತ್ತು. ಲಿಟಲ್ ಲೀಗ್ ಈ ಪೆಟ್ಟುಗಳಿಂದ ಕಲಿತು ದಾಖಲೆಗಳ ನಿಯಮವನ್ನು ಬಿಗಿಗೊಳಿಸಿತು. ಬ್ರಾಂಕ್ಸ್ ಪ್ರಕರಣದಲ್ಲಿ ಸುಳ್ಳು ಹೇಳಿದ್ದು ದೊಡ್ಡವರು. ದೇಶವೆಲ್ಲ ಬೆರಳು ತೋರಿದ್ದು ಹುಡುಗನ ಕಡೆಗೆ.

ಲ್ಯಾಕ್ರೊಸ್‌ಗೆ ಬೇಕಾದ ಜಾರಿಯ ಕ್ರಮ ಕಷ್ಟದ್ದೇನಲ್ಲ. ವಯಸ್ಸಿನ ತಪಾಸಣೆ ಟೂರ್ನಿಯ ಬೆಳಿಗ್ಗೆ, ಮೇಜಿನ ಮುಂದೆ, ಗಡಿಬಿಡಿಯಲ್ಲಿ ನಡೆಯಬಾರದು. ಮಗು ಮೊದಲ ಸಲ ನೋಂದಣಿಯಾಗುವಾಗಲೇ, ಕ್ಲಬ್‌ಗೂ ಟೂರ್ನಿಗೂ ಸೇರದ ಒಂದು ಕಡೆ, ಒಮ್ಮೆ ನಡೆದರೆ ಸಾಕು. ನಂತರ ಆ ಮಗುವಿನ ಸದಸ್ಯತ್ವ ಸಂಖ್ಯೆಯೊಡನೆ ‘ವಯಸ್ಸು ಪರಿಶೀಲಿಸಲಾಗಿದೆ’ ಎಂಬ ಗುರುತು ಇರಬೇಕು. ಟೂರ್ನಿಗೆ ಕಾಣಬೇಕಾದದ್ದು ಆ ಗುರುತು ಮತ್ತು ಅರ್ಹ ಗುಂಪು ಮಾತ್ರ. ಪ್ರಮಾಣಪತ್ರದ ಪ್ರತಿ ಹತ್ತಾರು ಕೋಚ್‌ಗಳ ಫೋನುಗಳಲ್ಲಿ ಓಡಾಡಬಾರದು. ಹುಟ್ಟಿದ ದಿನ, ತಂದೆತಾಯಿಯ ಹೆಸರು, ಊರು ಎಲ್ಲ ಇರುವ ದಾಖಲೆ ಅದು. ತಂಡದ ಪಟ್ಟಿಗೆ ಟೂರ್ನಿಗೆ ಕೆಲವು ದಿನ ಮುಂಚೆಯೇ ಬೀಗ ಬೀಳಬೇಕು, ಕೊನೆಯ ಗಳಿಗೆಯಲ್ಲಿ ಅತಿಥಿ ಆಟಗಾರನ ಹೆಸರಿನಲ್ಲಿ ದೊಡ್ಡವನೊಬ್ಬ ಬರದಂತೆ. ಈ ಕೆಲಸ ಮಾಡಿಕೊಡುವ ಖಾಸಗಿ ಪರಿಶೀಲನಾ ಸೇವೆಗಳು ಅಲ್ಲಿನ ಮಕ್ಕಳ ಕ್ರೀಡೆಗಳಲ್ಲಿ ಈಗಾಗಲೇ ಬಳಕೆಗೆ ಬಂದಿವೆ.

ದಾಖಲೆ ಕೇಳುವಾಗ ಈ ಆಟಕ್ಕೆ ಒಂದು ವಿಶೇಷ ಎಚ್ಚರ ಇರಬೇಕು. 2010ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ, ಈ ಆಟದ ಮೂಲ ಒಡೆಯರಾದ ಹೌಡೆನೊಸೌನಿ ಜನರ ತಂಡವೇ ಹೋಗಲಾಗಲಿಲ್ಲ. ಅವರು ತಮ್ಮ ಜನಾಂಗದ ಪಾಸ್‌ಪೋರ್ಟ್‌ನಲ್ಲೇ ಹೊರಟಿದ್ದರು, ಬ್ರಿಟನ್ ಅದನ್ನು ಮಾನ್ಯ ಮಾಡಲಿಲ್ಲ. ಒಂದೇ ಬಗೆಯ ಕಾಗದವನ್ನು ಮಾತ್ರ ಸತ್ಯವೆಂದು ಹಿಡಿದರೆ ಯಾರು ಹೊರಗುಳಿಯುತ್ತಾರೆ ಎಂಬುದನ್ನು ಆ ಘಟನೆ ತೋರಿಸಿತು. ಬುಡಕಟ್ಟು ಸರ್ಕಾರಗಳ ದಾಖಲೆ, ಬೇರೆ ದೇಶದಲ್ಲಿ ಹುಟ್ಟಿದ ಮಕ್ಕಳ ದಾಖಲೆ, ದತ್ತು ಮಕ್ಕಳ ದಾಖಲೆ ಇವನ್ನೆಲ್ಲ ಒಪ್ಪುವ ಪಟ್ಟಿ ನಿಯಮದಲ್ಲೇ ಬರೆದಿರಬೇಕು.

ದಾಖಲೆಯ ಬದಲು ದೇಹವನ್ನೇ ಪರೀಕ್ಷಿಸುವ ದಾರಿಯೂ ಕ್ರೀಡಾಲೋಕದಲ್ಲಿದೆ. ಫಿಫಾ 2009ರಿಂದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಮಣಿಕಟ್ಟಿನ ಎಂಆರ್‌ಐ ಬಳಸುತ್ತಿದೆ. ಭಾರತದ ಕ್ರಿಕೆಟ್ ಮಂಡಳಿ 16 ವರ್ಷದೊಳಗಿನ ಆಟಗಾರರಿಗೆ ಕೈ ಮೂಳೆಯ ಎಕ್ಸ್‌ರೇ ತೆಗೆದು ಟಿಡಬ್ಲ್ಯು3 ಎಂಬ ಕ್ರಮದಲ್ಲಿ ಮೂಳೆಯ ವಯಸ್ಸು ಲೆಕ್ಕಹಾಕುತ್ತದೆ. ಕೇಂದ್ರ ಸರ್ಕಾರ 2010ರಲ್ಲಿ ವಯಸ್ಸಿನ ವಂಚನೆಯ ವಿರುದ್ಧ ರಾಷ್ಟ್ರೀಯ ಸಂಹಿತೆಯನ್ನೂ ತಂದಿತು. ಹುಟ್ಟಿದ ದಾಖಲೆಯೇ ನಂಬಲರ್ಹವಲ್ಲದ ಕಡೆ ಈ ಪರೀಕ್ಷೆಗೆ ಅರ್ಥವಿದೆ. ಆದರೆ ಅದು ಅಳೆಯುವುದು ಮೂಳೆಯ ಪಕ್ವತೆಯನ್ನು, ಹುಟ್ಟಿದ ದಿನವನ್ನಲ್ಲ. ಬೇಗ ಬೆಳೆದ ಪ್ರಾಮಾಣಿಕ ಹುಡುಗನೂ ಅಲ್ಲಿ ಸಿಕ್ಕಿಬೀಳುತ್ತಾನೆ. ಅಮೆರಿಕದ ಲ್ಯಾಕ್ರೊಸ್‌ನಲ್ಲಿ ಹುಟ್ಟಿದ ದಿನದ ಬಗ್ಗೆ ಸಾಮಾನ್ಯವಾಗಿ ಯಾರಿಗೂ ಸಂಶಯವಿಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಮನಸ್ಸಿಲ್ಲದಿರುವುದೇ ತೊಡಕು. ಅಲ್ಲಿ ಎಕ್ಸ್‌ರೇಗೆ ಕೆಲಸವಿಲ್ಲ.

ಪಕ್ವತೆಯ ಅಂತರವನ್ನು ನೇರವಾಗಿ ಎದುರಿಸುವ ಪ್ರಯೋಗಗಳೂ ನಡೆದಿವೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು 2015ರಿಂದ ಕೆಲವು ಪಂದ್ಯಗಳಲ್ಲಿ ಹುಡುಗರನ್ನು ವಯಸ್ಸಿನ ಬದಲು, ದೊಡ್ಡವರಾದಾಗ ತಲುಪಬಹುದಾದ ಎತ್ತರದ ಎಷ್ಟು ಪಾಲನ್ನು ಈಗಾಗಲೇ ಮುಟ್ಟಿದ್ದಾರೆ ಎಂಬ ಲೆಕ್ಕದಲ್ಲಿ ಗುಂಪು ಮಾಡಿದವು. ಚಿಕ್ಕ ಮೈಯ ಹುಡುಗರಿಗೆ ಚೆಂಡು ಹೆಚ್ಚು ಸಿಕ್ಕಿತು, ಬೇಗ ಬೆಳೆದವರು ಬಲವನ್ನಷ್ಟೇ ನೆಚ್ಚದೆ ತಂತ್ರ ಬಳಸಬೇಕಾಯಿತು. ಮಕ್ಕಳ ಅಮೆರಿಕನ್ ಫುಟ್‌ಬಾಲ್ (ಸಾಕರ್ ಅಲ್ಲ) ನಡೆಸುವ ಪಾಪ್ ವಾರ್ನರ್ ಸಂಸ್ಥೆ ದಶಕಗಳ ಕಾಲ ವಯಸ್ಸಿನ ಜೊತೆ ತೂಕವನ್ನೂ ನೋಡುತ್ತಿತ್ತು. ತೂಕದ ಗಡಿ ಇಟ್ಟ ಕಡೆ, ಗಡಿಯೊಳಗೆ ಬರಲು ಮಕ್ಕಳನ್ನು ಹಸಿವಿಗೆ ತಳ್ಳುವ ಅಪಾಯ ಇರುತ್ತದೆ, ಹಾಗಾಗಿ ಆ ದಾರಿ ಮಕ್ಕಳ ಲ್ಯಾಕ್ರೊಸ್‌ಗೆ ಬೇಡ. ಎತ್ತರದ ಪಾಲಿನ ಗುಂಪು ಬೇರೆ, ತರಬೇತಿ ಶಿಬಿರಗಳಲ್ಲಿ, ವರ್ಷಕ್ಕೆ ಕೆಲವು ಪಂದ್ಯಗಳಲ್ಲಿ ಅದನ್ನು ಆಡಿಸಿದರೆ ಲಾಭವಿದೆ. ದಿನಾಂಕದ ನಿಯಮಕ್ಕೆ ಅದು ಬದಲಿಯಾಗಲಾರದು. ವಯಸ್ಸಿಗೆ ಮೀರಿ ಬೆಳೆದ ಹನ್ನೊಂದರ ಮಗುವನ್ನು ಹದಿನಾಲ್ಕರವರ ನಡುವೆ ಬಿಟ್ಟರೆ ಮೈ ಹೊಂದಿದರೂ ಮನಸ್ಸು ಹೊಂದುವುದಿಲ್ಲ.

ವಿನಾಯಿತಿಗಳ ವಿಷಯದಲ್ಲಿ ಈಗಿನ ಆಚರಣೆ ಅತ್ಯಂತ ದುರ್ಬಲ. ಸಣ್ಣ ಊರಿನಲ್ಲಿ ತಂಡ ಕಟ್ಟುವಷ್ಟು ಮಕ್ಕಳಿಲ್ಲ ಎಂದು, ಹೊಸದಾಗಿ ಆಟ ಕಲಿಯುವವನೆಂದು, ಅಂಗವಿಕಲತೆ ಇದೆಯೆಂದು ಒಂದು ಮಗುವನ್ನು ಕೆಳಗಿನ ಗುಂಪಿನಲ್ಲಿ ಆಡಿಸಬೇಕಾಗಿ ಬರುತ್ತದೆ. ಇವು ನ್ಯಾಯವಾದ ಕಾರಣಗಳು. ಆದರೆ ವಿನಾಯಿತಿ ಕೊಟ್ಟದ್ದು ಎದುರಾಳಿಗೆ ಗೊತ್ತಿರಬೇಕು, ಆ ಹುಡುಗನ ಪಾತ್ರಕ್ಕೆ ಮಿತಿ ಇರಬೇಕು, ಒಂದು ಸೀಸನ್ನಿಗೆ ಮಾತ್ರ ಇರಬೇಕು. ಗುಟ್ಟಾಗಿ ಕೊಟ್ಟ ವಿನಾಯಿತಿ ಎದುರು ತಂಡಕ್ಕೆ ಮೋಸವಾಗಿಯೇ ಕಾಣುತ್ತದೆ, ಆಗ ಪ್ರೇಕ್ಷಕರ ಸಾಲಿನಿಂದ ಆ ಮಗುವಿನ ಮೇಲೆ ಕೂಗು ಬೀಳುತ್ತದೆ. ತಮ್ಮ ಮಗು ಪ್ರತಿಭಾವಂತ ಎಂದು ಪೋಷಕರು ಮೇಲಿನ ಗುಂಪಿಗೆ ಒತ್ತಾಯಿಸುವುದೂ ಇದೆ. ಸುರಕ್ಷತೆಯ ದೃಷ್ಟಿಯಿಂದ ಅದಕ್ಕೂ ಅಷ್ಟೇ ಬಿಗಿ ಬೇಕು.

ಉಲ್ಲಂಘನೆ ಸಾಬೀತಾದಾಗ ದಂಡ ಬೀಳಬೇಕಾದದ್ದು ಪಟ್ಟಿಗೆ ಸಹಿ ಹಾಕಿದ ದೊಡ್ಡವರ ಮೇಲೆ. ತಂಡದ ಪಂದ್ಯ ಹೋಗಲಿ, ಕೋಚ್‌ಗೆ ಅಮಾನತು ಬರಲಿ, ಮರುಕಳಿಸಿದರೆ ಕ್ಲಬ್ಬಿಗೆ ಮುಂದಿನ ಟೂರ್ನಿ ಮುಚ್ಚಲಿ. ಹುಡುಗನನ್ನು ಅವನ ಸರಿಯಾದ ಗುಂಪಿಗೆ ಕಳಿಸಿದರೆ ಸಾಕು. ವಯಸ್ಸಿನ ಬಗ್ಗೆ ಸಂಶಯ ಬಂದರೆ ಮೈದಾನದಲ್ಲಿ ಕೂಗುವುದಲ್ಲ, ಪಂದ್ಯ ಮುಗಿದ ಮೇಲೆ ಬರೆದು ಕೊಡುವುದು ಕ್ರಮವಾಗಬೇಕು.

ಇದನ್ನೆಲ್ಲ ಮಾಡಿಸುವ ಶಕ್ತಿ ಯುಎಸ್‌ಎ ಲ್ಯಾಕ್ರೊಸ್ ಕೈಯಲ್ಲಿ ಇಲ್ಲವೆಂದಲ್ಲ. ಅದರ ಸದಸ್ಯತ್ವದ ಜೊತೆ ಆಟಗಾರರಿಗೆ ವಿಮೆ ಬರುತ್ತದೆ, ರೆಫರಿಗಳಿಗೂ ಕೋಚ್‌ಗಳಿಗೂ ಅದರ ತರಬೇತಿ ಪ್ರಮಾಣಪತ್ರಕ್ಕೆ ಬೆಲೆಯಿದೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಲ್ಯಾಕ್ರೊಸ್ ಮರಳುತ್ತಿರುವುದರಿಂದ ಅದರ ಮಾತಿಗೆ ಹಿಂದೆಂದಿಗಿಂತ ಹೆಚ್ಚು ತೂಕ ಬಂದಿದೆ. ವಯಸ್ಸಿನ ಗಡಿ ಇಟ್ಟು ಸ್ವತಂತ್ರವಾಗಿ ಪರಿಶೀಲಿಸುವ ಟೂರ್ನಿಗೆ ಮಾತ್ರ ಮಾನ್ಯತೆ ಎಂಬ ಷರತ್ತನ್ನು ಅದು ಹಾಕಬಹುದು. ಶಿಫಾರಸಿನ ರೂಪದಲ್ಲಿರುವ ನೀತಿಯನ್ನು ಷರತ್ತಿನ ರೂಪಕ್ಕೆ ತರುವ ತನಕ ಸೆಪ್ಟೆಂಬರ್ 1ರ ನಿಯಮ ಊರಿನ ಲೀಗ್‌ಗಳಲ್ಲಿ ಮಾತ್ರ ನಿಯಮ, ಅದು ಅತಿ ಹೆಚ್ಚು ಬೇಕಾದ ಬೇಸಿಗೆಯ ಟೂರ್ನಿಗಳಲ್ಲಿ ಬರೀ ಸಲಹೆ.